ಕಡಲ ದಂಡೆಗೂ ಕೆರೆಗೂ ಒಳ್ಳೆಯ ಗಾಳದ ರೀಲಿನ ಆಯ್ಕೆ

ಕುಂದಾಪುರದಿಂದ ಬೈಂದೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಮರವಂತೆಯ ಬಳಿ ನಿಂತರೆ ರಸ್ತೆಯ ಒಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ಹೊಳೆ ಕಾಣುತ್ತದೆ. ಕರಾವಳಿಯ ಅನೇಕ ರೈತರ ಬದುಕು ಇದೇ ರೀತಿ ಎರಡು ನೀರುಗಳ ನಡುವಿನದು. ಗದ್ದೆ ತೋಟಗಳ ಕೆಲಸ ಮುಗಿದ ಮೇಲೆ ಒಂದು ಸಂಜೆ ಕಡಲ ದಂಡೆಯಲ್ಲಿ, ಇನ್ನೊಂದು ಸಂಜೆ ಹೊಳೆಯಲ್ಲಿ ಅಥವಾ ಕೆರೆಯಲ್ಲಿ ಗಾಳ ಹಾಕಿ ಮನೆಗೆ ಬೇಕಾದ ಮೀನು ತರುವ ರೂಢಿ ಹಿಂದಿನಿಂದಲೂ ಇದೆ. ಘಟ್ಟದ ಮೇಲಿನ ಜಿಲ್ಲೆಗಳಲ್ಲಿಯೂ ಕೃಷಿಹೊಂಡ ಮತ್ತು ಕೆರೆಗಳಲ್ಲಿ ಕಟ್ಲಾ, ರೋಹು, ಸಾಮಾನ್ಯ ಗೆಂಡೆ ಮೀನುಗಳನ್ನು ಬಿಟ್ಟು ಸಾಕುವ ರೈತರು ಇದ್ದಾರೆ. ಬಲೆ ಬೀಸಲು ಜನ ಸಿಗದ ದಿನ ಒಂದೆರಡು ಮೀನು ಹಿಡಿಯಲು ಇವರಿಗೂ ಗಾಳವೇ ಅನುಕೂಲ.

ಹಿಂದೆ ಬಿದಿರಿನ ಕೋಲಿನ ತುದಿಗೆ ದಾರ ಕಟ್ಟಿದರೆ ಸಾಕಾಗಿತ್ತು. ಇಂದು ಪೇಟೆಯಲ್ಲಿ ರೀಲು ಕೂಡಿಸಿದ ಕೋಲುಗಳು ಬಗೆಬಗೆಯಾಗಿ ಬಂದಿವೆ. ಹೊಳೆಯುವ ಬಣ್ಣ, ಪೆಟ್ಟಿಗೆಯ ಮೇಲೆ ದೊಡ್ಡ ದೊಡ್ಡ ಅಂಕಿಗಳು, ಕಡಿಮೆ ಬೆಲೆ ಇವುಗಳನ್ನು ನೋಡಿ ಕೊಂಡ ರೀಲು ಒಂದು ಮಳೆಗಾಲ ಕಳೆಯುವುದರೊಳಗೆ ಬಿಗಿದುಕೊಂಡು ಮೂಲೆ ಸೇರುವುದುಂಟು. ಹೀಗೆ ಎರಡು ಸಲ ಕೊಂಡು ಕಳೆದುಕೊಂಡ ಹಣದಲ್ಲಿ ಹತ್ತು ವರ್ಷ ಬಾಳುವ ಒಂದು ಒಳ್ಳೆಯ ರೀಲನ್ನೇ ತರಬಹುದಾಗಿತ್ತು. ಆದುದರಿಂದ ರೀಲು ಕೊಳ್ಳುವ ಮೊದಲು ಅದರ ಒಳಗಿನ ಕೆಲಸವನ್ನು ತಿಳಿದುಕೊಳ್ಳುವುದು ಲಾಭದಾಯಕ.

ರೀಲು ಮಾಡುವ ಕೆಲಸವೇನು?

ರೀಲಿನ ಕೆಲಸಗಳು ಮೂರು. ಮೊದಲನೆಯದು, ಉದ್ದವಾದ ದಾರವನ್ನು ಸಿಕ್ಕಾಗದಂತೆ ಸುತ್ತಿ ಇಟ್ಟುಕೊಳ್ಳುವುದು. ಎರಡನೆಯದು, ಗಾಳ ಎಸೆದಾಗ ಆ ದಾರವನ್ನು ಅಡ್ಡಿಯಿಲ್ಲದೆ ಬಿಡುವುದು. ಮೂರನೆಯದು, ದೊಡ್ಡ ಮೀನು ಎಳೆದಾಗ ದಾರ ಹರಿಯದಂತೆ ಹದವಾಗಿ ಬಿಟ್ಟುಕೊಡುವುದು. ಮೊದಲ ಎರಡು ಕೆಲಸಗಳನ್ನು ಅಗ್ಗದ ರೀಲೂ ಒಂದಷ್ಟು ದಿನ ಮಾಡುತ್ತದೆ. ಒಳ್ಳೆಯ ರೀಲಿಗೂ ಕಳಪೆ ರೀಲಿಗೂ ಇರುವ ವ್ಯತ್ಯಾಸ ಮೂರನೆಯ ಕೆಲಸದಲ್ಲಿ ತಿಳಿದುಬರುತ್ತದೆ. ಅದನ್ನು ಮುಂದೆ ವಿವರವಾಗಿ ನೋಡೋಣ.

ರೀಲು ಹೊಸ ಸಾಧನವೇನಲ್ಲ. ಚೀನಾ ದೇಶದ ಮಾ ಯುವಾನ್ ಎಂಬ ಕಲಾವಿದ 1195ರ ಸುಮಾರಿಗೆ ಬರೆದ ಚಿತ್ರವೊಂದರಲ್ಲಿ ದೋಣಿಯಲ್ಲಿ ಕುಳಿತವನ ಗಾಳದ ಕೋಲಿಗೆ ರಾಟೆಯಂತಹ ರೀಲು ಇರುವುದನ್ನು ಕಾಣಬಹುದು. ಇಂದು ಹೆಚ್ಚು ಬಳಕೆಯಲ್ಲಿರುವ ರೀಲಿನ ಮೂಲ ಬಟ್ಟೆಯ ಗಿರಣಿಯಲ್ಲಿದೆ. ಇಂಗ್ಲೆಂಡಿನ ಜವಳಿ ಉದ್ಯಮಿ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಎಂಬುವರು 1905ರಲ್ಲಿ ಇಂತಹ ರೀಲಿಗೆ ಪೇಟೆಂಟು ಪಡೆದರು. ಗಿರಣಿಯಲ್ಲಿ ನೂಲು ಕದಿರಿನ ತುದಿಯಿಂದ ಜಾರಿ ಬರುವಂತೆ ಈ ರೀಲಿನಲ್ಲಿ ಉರುಳೆ ತಿರುಗದೆಯೇ ದಾರ ಅದರ ಅಂಚಿನ ಮೇಲಿಂದ ಜಾರಿ ಹೋಗುತ್ತದೆ. ಹೀಗಾಗಿ ಹಗುರವಾದ ಎರೆಯನ್ನೂ ದೂರಕ್ಕೆ ಎಸೆಯುವುದು ಸಾಧ್ಯವಾಯಿತು.

ರೀಲಿನ ಬಗೆಗಳು

1. ಸ್ಥಿರ ಉರುಳೆಯ ರೀಲು: ಪೇಟೆಯಲ್ಲಿ ಸ್ಪಿನ್ನಿಂಗ್ ರೀಲು ಎಂದು ಕರೆಯುವುದು ಇದನ್ನೇ. ಕೋಲಿನ ಕೆಳಭಾಗಕ್ಕೆ ತೂಗುವಂತೆ ಕೂಡಿಸುತ್ತಾರೆ. ದಾರ ಸುತ್ತಿರುವ ಉರುಳೆಗೆ ಸ್ಪೂಲು ಎಂದು ಹೆಸರು. ಎಸೆಯುವಾಗ ಬೇಲ್ ಎಂಬ ಬಾಗಿದ ತಂತಿಯನ್ನು ಎತ್ತಿದರೆ ದಾರ ಬಿಡುಗಡೆಯಾಗುತ್ತದೆ. ಹಿಡಿಕೆ ತಿರುಗಿಸಿದೊಡನೆ ತಂತಿ ಮುಚ್ಚಿಕೊಂಡು ದಾರವನ್ನು ಸುತ್ತುತ್ತದೆ. ಕಲಿಯಲು ಸುಲಭ, ದಾರ ಸಿಕ್ಕಾಗುವುದು ಕಡಿಮೆ.

2. ತಿರುಗುವ ಉರುಳೆಯ ರೀಲು: ಇದನ್ನು ಕೋಲಿನ ಮೇಲ್ಭಾಗಕ್ಕೆ ಕೂಡಿಸುತ್ತಾರೆ. ಎಸೆಯುವಾಗ ಉರುಳೆಯೇ ಗರಗರನೆ ತಿರುಗಿ ದಾರ ಬಿಡುತ್ತದೆ. ಭಾರವಾದ ಮೀನನ್ನು ಎಳೆಯಲು ಬಲವಾದದ್ದು. ಆದರೆ ಎರೆ ನೀರಿಗೆ ಬಿದ್ದ ಕ್ಷಣದಲ್ಲಿ ಹೆಬ್ಬೆರಳಿನಿಂದ ಉರುಳೆಯನ್ನು ತಡೆಯದಿದ್ದರೆ ಅದು ತಿರುಗುತ್ತಲೇ ಇದ್ದು, ದಾರ ಹಕ್ಕಿಯ ಗೂಡಿನಂತೆ ಸಿಕ್ಕಾಗುತ್ತದೆ. ಗಾಳಿಗೆ ಎದುರಾಗಿ ಎಸೆಯುವ ಕಡಲ ದಂಡೆಯಲ್ಲಿ ಈ ತೊಂದರೆ ಹೆಚ್ಚು. ಕೈ ಪಳಗಿದವರಿಗೆ ಮಾತ್ರ ತಕ್ಕದ್ದು.

3. ಮುಚ್ಚಿದ ಮುಖದ ರೀಲು: ಉರುಳೆಯ ಮೇಲೆ ಗುಮ್ಮಟದಂತಹ ಮುಚ್ಚಳವಿದ್ದು, ಗುಂಡಿ ಒತ್ತಿದರೆ ದಾರ ಹೊರಬರುತ್ತದೆ. ಮಕ್ಕಳಿಗೆ, ಸಣ್ಣ ಹೊಂಡಗಳಿಗೆ ಸರಿ. ಮುಚ್ಚಳದೊಳಗೆ ಮರಳು ಮತ್ತು ಉಪ್ಪು ಸೇರಿದರೆ ಹೊರಬರುವುದಿಲ್ಲವಾದ್ದರಿಂದ ಕಡಲಿಗೆ ಬೇಡ.

ಕಡಲು ಕೆರೆ ಎರಡರಲ್ಲಿಯೂ ಗಾಳ ಹಾಕಬೇಕೆನ್ನುವ ರೈತರಿಗೆ ಮೊದಲನೆಯ ಬಗೆಯ ರೀಲೇ ಉತ್ತಮ. ಮುಂದಿನ ವಿವರಗಳೆಲ್ಲ ಅದಕ್ಕೆ ಸಂಬಂಧಿಸಿದವು.

ಅಳತೆಯ ಅಂಕಿಗಳು

ರೀಲಿನ ಮೇಲೆ 1000, 2500, 4000, 6000, 8000 ಎಂಬಂತೆ ಅಂಕಿಗಳಿರುತ್ತವೆ. ಇವು ತೂಕವೂ ಅಲ್ಲ, ದಾರದ ಉದ್ದವೂ ಅಲ್ಲ. ರೀಲಿನ ಗಾತ್ರವನ್ನು ತೋರಿಸುವ ಗುರುತುಗಳು ಮಾತ್ರ. ಅಂಕಿ ಹೆಚ್ಚಿದಂತೆ ರೀಲು ದೊಡ್ಡದು. ಕೆಲವು ಕಂಪನಿಗಳು ಸೊನ್ನೆಗಳನ್ನು ಬಿಟ್ಟು 25, 40, 60 ಎಂದು ಬರೆಯುತ್ತವೆ. ಎಲ್ಲ ಕಂಪನಿಗಳಿಗೂ ಒಂದೇ ಅಳತೆಯಿಲ್ಲವಾದ್ದರಿಂದ ಒಂದು ಕಂಪನಿಯ 4000 ಇನ್ನೊಂದರ 5000ಕ್ಕೆ ಸಮನಾಗಿರಬಹುದು. ಈ ಅಂಕಿಗಿಂತ ಸ್ಪೂಲಿನ ಮೇಲೆ ಅಚ್ಚಾಗಿರುವ ದಾರದ ದಪ್ಪ ಮತ್ತು ಉದ್ದವನ್ನು ನಂಬುವುದು ಒಳ್ಳೆಯದು.

ಬೇರೆ ಬೇರೆ ನೀರಿಗೆ ಸಾಮಾನ್ಯವಾಗಿ ಹೊಂದುವ ಅಳತೆಗಳು ಹೀಗಿವೆ:

ಕೃಷಿಹೊಂಡ ಮತ್ತು ಸಣ್ಣ ಕೆರೆ: ರೀಲು 2000ರಿಂದ 2500, ನೈಲಾನ್ ದಾರ 0.22ರಿಂದ 0.28 ಮಿ.ಮೀ., 100ರಿಂದ 150 ಮೀಟರು. ಕೋಲು 6ರಿಂದ 8 ಅಡಿ.

ದೊಡ್ಡ ಕೆರೆ, ಜಲಾಶಯ ಮತ್ತು ಹೊಳೆ: ರೀಲು 3000ದಿಂದ 4000, ದಾರ 0.28ರಿಂದ 0.35 ಮಿ.ಮೀ., 150ರಿಂದ 200 ಮೀಟರು. ಕೋಲು 7ರಿಂದ 9 ಅಡಿ.

ಅಳಿವೆ ಮತ್ತು ಹಿನ್ನೀರು: ರೀಲು 4000ದಿಂದ 5000, ದಾರ 0.30ರಿಂದ 0.38 ಮಿ.ಮೀ., 200 ಮೀಟರು. ಕೋಲು 8ರಿಂದ 10 ಅಡಿ.

ಕಡಲ ದಂಡೆ: ರೀಲು 5000ದಿಂದ 8000, ದಾರ 0.35ರಿಂದ 0.45 ಮಿ.ಮೀ., 200ರಿಂದ 300 ಮೀಟರು. ಕೋಲು 10ರಿಂದ 13 ಅಡಿ.

ಕಡಲ ದಂಡೆಗೆ ದೊಡ್ಡ ರೀಲು ಏಕೆ ಬೇಕು? ತೆರೆ ಒಡೆಯುವ ಜಾಗವನ್ನು ದಾಟಿ ಗಾಳ ಬೀಳಬೇಕಾದರೆ 60ರಿಂದ 80 ಮೀಟರು ದಾರ ಎಸೆತಕ್ಕೇ ಹೋಗುತ್ತದೆ. ಅಲ್ಲಿ ಕಚ್ಚಿದ ದೊಡ್ಡ ಮೀನು ಇನ್ನೂ 50ರಿಂದ 100 ಮೀಟರು ಎಳೆದುಕೊಂಡು ಹೋಗಬಹುದು. ಬಂಡೆಗೆ, ಚಿಪ್ಪಿಗೆ ಉಜ್ಜಿ ಹಾಳಾದ ತುದಿಯನ್ನು ಆಗಾಗ ಕತ್ತರಿಸಿ ಹಾಕಬೇಕಾಗುತ್ತದೆ. ಇವೆಲ್ಲ ಕಳೆದು ಸ್ಪೂಲಿನಲ್ಲಿ ಸ್ವಲ್ಪ ದಾರ ಉಳಿದಿರಬೇಕು. ದಂಡೆಯಲ್ಲಿ ಕಾಣೆಯಂತಹ ಸಣ್ಣ ಮೀನನ್ನು ಹಿಡಿಯುವವರಿಗೆ ಇಷ್ಟು ದಾರ ಬೇಕಿಲ್ಲ. ಅದೇ ಗಾಳಕ್ಕೆ ಸೀಬಾಸ್ ಎಂದು ಕರೆಯುವ ಕುರುಡಿ ಮೀನು ಕಚ್ಚಿದರೆ ಮಾತ್ರ ಇದರ ಬೆಲೆ ತಿಳಿಯುತ್ತದೆ.

ದಾರದ ದಪ್ಪ ಬದಲಾದರೆ ಸ್ಪೂಲು ಎಷ್ಟು ದಾರ ಹಿಡಿಯುತ್ತದೆಂಬುದನ್ನು ಸುಲಭವಾಗಿ ಲೆಕ್ಕ ಹಾಕಬಹುದು. ದಾರದ ಜಾಗ ಅದರ ದಪ್ಪದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಸ್ಪೂಲಿನ ಮೇಲೆ 0.30 ಮಿ.ಮೀ. ದಾರ 200 ಮೀಟರು ಎಂದು ಬರೆದಿದೆ ಎನ್ನೋಣ. ಅದಕ್ಕೆ 0.40 ಮಿ.ಮೀ. ದಾರ ಸುತ್ತಬೇಕು. 0.30ನ್ನು 0.30ರಿಂದ ಗುಣಿಸಿದರೆ 0.09, 0.40ನ್ನು 0.40ರಿಂದ ಗುಣಿಸಿದರೆ 0.16. 200ನ್ನು 0.09ರಿಂದ ಗುಣಿಸಿ 0.16ರಿಂದ ಭಾಗಿಸಿದರೆ ಸುಮಾರು 112 ಮೀಟರು ಬರುತ್ತದೆ. ದಪ್ಪ ಮೂರರಿಂದ ನಾಲ್ಕಕ್ಕೆ ಏರಿದರೂ ಉದ್ದ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಕೆರೆಯ ರೀಲಿಗೆ ದಪ್ಪ ದಾರ ಸುತ್ತಿ ಕಡಲಿಗೆ ಒಯ್ಯುವವರು ಈ ಲೆಕ್ಕವನ್ನು ಮರೆಯಬಾರದು.

ಡ್ರ್ಯಾಗ್: ರೀಲಿನ ಜೀವಾಳ

ಗಾಳ ಹಾಕುವವರಲ್ಲಿ ಕೇಳಿಬರುವ ಒಂದು ಅನುಭವ ಹೀಗಿರುತ್ತದೆ. ವಾರಗಟ್ಟಲೆ ಸಣ್ಣ ಮೀನುಗಳನ್ನೇ ಹಿಡಿದ ರೀಲಿಗೆ ಒಂದು ಸಂಜೆ ದೊಡ್ಡ ಮೀನು ಕಚ್ಚುತ್ತದೆ. ಕೋಲು ಬಿಲ್ಲಿನಂತೆ ಬಾಗುತ್ತದೆ. ದಾರ ಬಿಡಬೇಕಾದ ರೀಲು ಬಿಡುವುದಿಲ್ಲ. ಒಂದು ಕ್ಷಣ ಹಿಡಿದುಕೊಂಡು, ಆಮೇಲೆ ತಟಕ್ಕನೆ ಸಡಿಲವಾಗಿ, ಮತ್ತೆ ಹಿಡಿಯುತ್ತದೆ. ಆ ಜಗ್ಗಾಟದಲ್ಲಿ ದಾರ ಪಟ್ಟನೆ ಹರಿದು ಮೀನು, ಗಾಳ, ಸೀಸ ಎಲ್ಲವೂ ಹೋಗುತ್ತವೆ. ಮೀನಿನ ಬಾಯಲ್ಲಿ ಗಾಳ ಉಳಿದದ್ದು ಇನ್ನೊಂದು ನಷ್ಟ. ಜನರು ದಾರವನ್ನು ದೂರುತ್ತಾರೆ. ತಪ್ಪು ದಾರದ್ದಲ್ಲ, ರೀಲಿನ ಡ್ರ್ಯಾಗಿನದು.

ಡ್ರ್ಯಾಗ್ ಎಂದರೆ ಒಂದು ಬಗೆಯ ಬ್ರೇಕು. ಸ್ಪೂಲಿನ ಒಳಗೆ ಲೋಹದ ಬಿಲ್ಲೆಗಳೂ ಫೆಲ್ಟ್ ಅಥವಾ ಕಾರ್ಬನ್ನಿನ ಬಿಲ್ಲೆಗಳೂ ಒಂದರ ಮೇಲೊಂದು ಜೋಡಿಸಿರುತ್ತವೆ. ತಿರುಪನ್ನು ಬಿಗಿ ಮಾಡಿದಷ್ಟೂ ಅವು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಮೀನು ಎಳೆಯುವ ಬಲ ಈ ಒತ್ತಡವನ್ನು ಮೀರಿದಾಗ ಸ್ಪೂಲು ತಿರುಗಿ ದಾರವನ್ನು ಬಿಡುತ್ತದೆ. ಇಳಿಜಾರಿನಲ್ಲಿ ಗಾಡಿಯ ಬ್ರೇಕು ಹದವಾಗಿ ಹಿಡಿಯಬೇಕೇ ಹೊರತು ಗಾಲಿಯನ್ನು ಕಚ್ಚಿ ನಿಲ್ಲಿಸಬಾರದು. ಡ್ರ್ಯಾಗಿನ ಧರ್ಮವೂ ಅದೇ.

ಡ್ರ್ಯಾಗಿನ ತಿರುಪು ಸ್ಪೂಲಿನ ಮುಂದೆ ಇರುವ ರೀಲುಗಳೂ ಉಂಟು, ರೀಲಿನ ಹಿಂಭಾಗದಲ್ಲಿ ಇರುವವೂ ಉಂಟು. ಮುಂದಿನ ಡ್ರ್ಯಾಗಿನಲ್ಲಿ ಬಿಲ್ಲೆಗಳು ಅಗಲವಾಗಿರುವುದರಿಂದ ಹಿಡಿತ ಹೆಚ್ಚು ಸಮನಾಗಿರುತ್ತದೆ, ಬೇಗ ಬಿಸಿಯಾಗುವುದಿಲ್ಲ. ಕಡಲಿಗೆ ಮುಂದಿನ ಡ್ರ್ಯಾಗಿನದನ್ನೇ ಆರಿಸಬೇಕು.

ಪೆಟ್ಟಿಗೆಯ ಮೇಲೆ ಗರಿಷ್ಠ ಡ್ರ್ಯಾಗ್ 10 ಕಿಲೋ, 15 ಕಿಲೋ ಎಂದು ಬರೆದಿರುವುದನ್ನು ನೋಡಿ ಮರುಳಾಗಬೇಕಿಲ್ಲ. ನಿಮ್ಮ ದಾರ 8 ಕಿಲೋ ಎಳೆತಕ್ಕೆ ಹರಿಯುವುದಾದರೆ 15 ಕಿಲೋ ಹಿಡಿಯುವ ಬ್ರೇಕಿನಿಂದ ಪ್ರಯೋಜನವಿಲ್ಲ. ದಾರದ ಬಲದ ನಾಲ್ಕನೆಯ ಒಂದು ಭಾಗಕ್ಕೆ ಡ್ರ್ಯಾಗನ್ನು ಹೊಂದಿಸುವುದು ವಾಡಿಕೆ. 8 ಕಿಲೋ ದಾರಕ್ಕೆ 2 ಕಿಲೋ. ಮನೆಯಲ್ಲಿರುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ದಾರದ ತುದಿ ಕಟ್ಟಿ, ಕೋಲನ್ನು ಹಿಡಿದು ಇನ್ನೊಬ್ಬರಿಂದ ಎಳೆಸಿದರೆ ಎಷ್ಟು ಕಿಲೋಗೆ ದಾರ ಬಿಡುತ್ತದೆಂಬುದು ಗೊತ್ತಾಗುತ್ತದೆ.

ಇಷ್ಟು ಕಡಿಮೆ ಏಕೆ ಎಂದು ಕೇಳಬಹುದು. ಗಂಟು ಹಾಕಿದ ಕಡೆ ದಾರದ ಬಲ ಕುಗ್ಗುತ್ತದೆ. ಕೋಲಿನ ಬಳೆಗಳಲ್ಲಿ ದಾರ ಉಜ್ಜುವುದರಿಂದ ಎಳೆತ ಹೆಚ್ಚುತ್ತದೆ. ಇನ್ನೊಂದು ಕಾರಣವೂ ಉಂಟು. ಮೀನು ದಾರ ಎಳೆದುಕೊಂಡು ಹೋದಂತೆ ಸ್ಪೂಲಿನ ಮೇಲಿನ ಸುತ್ತು ಸಣ್ಣದಾಗುತ್ತದೆ. ಸಣ್ಣ ಸುತ್ತನ್ನು ತಿರುಗಿಸಲು ಹೆಚ್ಚು ಬಲ ಬೇಕು. ಸುತ್ತಿನ ಅಗಲ ಅರ್ಧಕ್ಕೆ ಇಳಿದರೆ ತಿರುಪನ್ನು ಮುಟ್ಟದಿದ್ದರೂ ಎಳೆತ ಎರಡರಷ್ಟಾಗುತ್ತದೆ. ಮೀನು ದೂರ ಹೋದಾಗ ಗಾಬರಿಯಿಂದ ಡ್ರ್ಯಾಗನ್ನು ಇನ್ನೂ ಬಿಗಿ ಮಾಡುವವರು ಮೀನನ್ನು ಕಳೆದುಕೊಳ್ಳುವುದು ಇದರಿಂದಲೇ.

ಗೇರು, ಬೇರಿಂಗು ಮತ್ತು ಮೈ

ರೀಲಿನ ಮೇಲೆ 5.2:1 ಎಂದು ಬರೆದಿದ್ದರೆ ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದಾಗ ದಾರ ಸುತ್ತುವ ಭಾಗ 5.2 ಸುತ್ತು ತಿರುಗುತ್ತದೆಂದು ಅರ್ಥ. ದಾರ ತುಂಬಿದ ಸ್ಪೂಲಿನ ಅಗಲ 5 ಸೆಂ.ಮೀ. ಇದ್ದರೆ ಒಂದು ಸುತ್ತಿಗೆ ಸುಮಾರು 80 ಸೆಂ.ಮೀ. ದಾರ ಬರುತ್ತದೆ. ಅನುಪಾತ ಹೆಚ್ಚಾದರೆ ವೇಗ ಹೆಚ್ಚು, ಎಳೆಯುವ ಶಕ್ತಿ ಕಡಿಮೆ. ಎರೆ ಹಾಕಿ ಕಾಯುವ ಗಾಳಕ್ಕೆ 4.5ರಿಂದ 5.2ರವರೆಗಿನದು ಸಾಕು. ಕೃತಕ ಮೀನನ್ನು ಎಸೆದು ಬೇಗ ಬೇಗ ಎಳೆಯುವವರು 6ರ ಸುಮಾರಿನದನ್ನು ಆರಿಸಬಹುದು.

ಬೇರಿಂಗುಗಳ ಸಂಖ್ಯೆ ಹೆಚ್ಚಿದಷ್ಟೂ ರೀಲು ಉತ್ತಮವೆಂಬ ನಂಬಿಕೆ ತಪ್ಪು. ಕಳಪೆಯಾದ 12 ಬೇರಿಂಗುಗಳಿಗಿಂತ ತುಕ್ಕು ಹಿಡಿಯದ, ಎರಡೂ ಬದಿ ಮುಚ್ಚಿರುವ ನಾಲ್ಕೈದು ಬೇರಿಂಗುಗಳು ಮೇಲು. ಅಗತ್ಯವಿಲ್ಲದ ಕಡೆಯಲ್ಲೆಲ್ಲ ಬೇರಿಂಗು ತುಂಬಿದರೆ ಕಡಲ ಉಪ್ಪಿಗೆ ಅಷ್ಟೇ ಬಲಿಗಳು ಸಿಕ್ಕಂತಾಗುತ್ತದೆ.

ಮೈ ಎರಡು ಬಗೆಯದು. ಗ್ರಾಫೈಟ್ ಬೆರೆಸಿದ ಗಟ್ಟಿ ಪ್ಲಾಸ್ಟಿಕ್ಕಿನ ಮೈ ಹಗುರ, ಉಪ್ಪಿಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಭಾರ ಬಿದ್ದಾಗ ಸ್ವಲ್ಪ ಬಾಗುವುದರಿಂದ ಒಳಗಿನ ಹಲ್ಲುಗಳು ಸರಿಯಾಗಿ ಕೂಡದೆ ಸವೆಯುತ್ತವೆ. ಅಲ್ಯೂಮಿನಿಯಂ ಮೈ ಬಾಗುವುದಿಲ್ಲ. ಆದರೆ ಬಣ್ಣ ಕಿತ್ತುಹೋದ ಕಡೆ ಉಪ್ಪು ತಾಗಿ ಬಿಳಿಯ ಪುಡಿ ಏಳುತ್ತದೆ. ಕೆರೆಗೆ ಪ್ಲಾಸ್ಟಿಕ್ ಮೈ ಸಾಕು. ಕಡಲ ದಂಡೆಯ ದೊಡ್ಡ ರೀಲಿಗೆ, ದಿನವೂ ತೊಳೆಯುವ ಅಭ್ಯಾಸವಿರುವವರು ಅಲ್ಯೂಮಿನಿಯಂ ಮೈಯದನ್ನು ಕೊಳ್ಳುವುದು ಲೇಸು. ಎರಡರಲ್ಲಿಯೂ ಸ್ಪೂಲು ಮಾತ್ರ ಲೋಹದ್ದಾಗಿರಲಿ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಎತ್ತು ಕೊಳ್ಳುವ ರೈತ ಅದರ ಬಾಯಿ ಬಿಡಿಸಿ ಹಲ್ಲು ನೋಡದೆ ಹಣ ಕೊಡುವುದಿಲ್ಲ. ರೀಲನ್ನೂ ಹಾಗೆಯೇ ಕೈಗೆ ತೆಗೆದುಕೊಂಡು ನೋಡಬೇಕು.

1. ಹಿಡಿಕೆಯನ್ನು ನಿಧಾನವಾಗಿ ತಿರುಗಿಸಿ. ಮರಳು ಅರೆದಂತೆ ಗರಗರ ಎನ್ನಬಾರದು, ಎಲ್ಲಿಯೂ ತಡೆಯಬಾರದು. ಬೇಗ ತಿರುಗಿಸಿದಾಗ ರೀಲು ಕೈಯಲ್ಲಿ ನಡುಗಬಾರದು.

2. ತಿರುಗಿಸುವುದನ್ನು ನಿಲ್ಲಿಸಿ ಹಿಡಿಕೆಯನ್ನು ಹಿಂದಕ್ಕೆ ತಳ್ಳಿ. ಒಳ್ಳೆಯ ರೀಲು ಒಡನೆಯೇ ನಿಲ್ಲುತ್ತದೆ. ಕಾಲು ಸುತ್ತು ಹಿಂದಕ್ಕೆ ಹೋಗಿ ಟಕ್ಕೆಂದು ನಿಲ್ಲುವುದು ಮೀನಿನ ಜಗ್ಗಾಟಕ್ಕೆ ಬೇಗ ಸವೆಯುತ್ತದೆ.

3. ಹಿಡಿಕೆಯನ್ನು ಅಕ್ಕಪಕ್ಕಕ್ಕೆ ಅಲುಗಿಸಿ. ಮಡಚುವ ಹಿಡಿಕೆಗಳಲ್ಲಿ ಅಲುಗಾಟ ಹೆಚ್ಚು. ನೇರವಾಗಿ ಮರೆ ತಿರುಗಿಸಿ ಕೂಡಿಸುವ ಹಿಡಿಕೆ ಬಿಗಿಯಾಗಿರುತ್ತದೆ.

4. ಡ್ರ್ಯಾಗನ್ನು ಸ್ವಲ್ಪ ಬಿಗಿ ಮಾಡಿ, ಸ್ಪೂಲಿಗೆ ದಾರ ಸುತ್ತಿಸಿ ಕೈಯಿಂದ ಮೆಲ್ಲನೆ ಎಳೆಯಿರಿ. ದಾರ ಜಿಗಿಯದೆ ಒಂದೇ ಸಮನೆ ಬರಬೇಕು. ಹೊರಡುವಾಗ ಒಂದು ಬಲ, ಹೊರಟ ಮೇಲೆ ಇನ್ನೊಂದು ಬಲ ಬೇಕಾದರೆ ಅದು ಬೇಡ. ಬೇರೆ ಯಾವ ಪರೀಕ್ಷೆಯನ್ನು ಬಿಟ್ಟರೂ ಇದನ್ನು ಬಿಡಬಾರದು.

5. ಬೇಲ್ ತಂತಿಯನ್ನು ಹತ್ತು ಸಲ ಎತ್ತಿ ಮುಚ್ಚಿ. ತಂತಿ ದಪ್ಪವಾಗಿರಬೇಕು, ಪ್ರತಿಸಲವೂ ಒಂದೇ ಕಡೆ ನಿಲ್ಲಬೇಕು.

6. ತಂತಿಯ ಬುಡದಲ್ಲಿ ದಾರ ಹಾಯುವ ಪುಟ್ಟ ಉರುಳೆಯಿದೆ. ದಾರವನ್ನು ಅದರ ಕೆಳಗೆ ಹಾಯಿಸಿ ಎಳೆದರೆ ಅದು ತಿರುಗಬೇಕು. ತಿರುಗದಿದ್ದರೆ ದಾರ ಅಲ್ಲಿಯೇ ಉಜ್ಜಿ ಗೆರೆ ಕೊರೆಯುತ್ತದೆ. ಆ ಗೆರೆ ಮುಂದೆ ದಾರವನ್ನು ಕೊಯ್ಯುತ್ತದೆ.

7. ಸ್ಪೂಲಿನ ಅಂಚಿನ ಸುತ್ತ ಹತ್ತಿಯ ಎಳೆಯೊಂದನ್ನು ಎಳೆಯಿರಿ. ಎಲ್ಲಿಯಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ದಾರವೂ ಹರಿಯುತ್ತದೆ.

8. ಬೇಲ್ ತಂತಿ, ಸ್ಪ್ರಿಂಗು, ಹಿಡಿಕೆ, ಡ್ರ್ಯಾಗಿನ ಬಿಲ್ಲೆಗಳು ಬಿಡಿಯಾಗಿ ಸಿಗುತ್ತವೆಯೇ, ರಿಪೇರಿ ಮಾಡುವವರು ಹತ್ತಿರದಲ್ಲಿದ್ದಾರೆಯೇ ಎಂದು ಕೇಳಿ. ಬಿಡಿಭಾಗ ಸಿಗದ ಪಂಪ್‌ಸೆಟ್ಟಿನ ಕಷ್ಟ ರೈತರಿಗೆ ಹೇಳಿಕೊಡಬೇಕಾಗಿಲ್ಲ. ರಸೀತಿ ಪಡೆಯದೆ ಕೊಳ್ಳಬೇಡಿ. ಹೆಸರಾಂತ ಕಂಪನಿಗಳ ನಕಲಿ ಮಾಲೂ ಪೇಟೆಯಲ್ಲಿದೆ.

ಒಂದೇ ರೀಲು ಕೊಳ್ಳುವುದಾದರೆ

ಎರಡು ರೀಲು ಕೊಳ್ಳಲು ಹಣವಿಲ್ಲದವರು ಎರಡು ಅಗ್ಗದ ರೀಲುಗಳ ಬದಲು ಎರಡು ಸ್ಪೂಲು ಇರುವ 4000 ಅಥವಾ 5000 ಅಳತೆಯ ಒಂದು ಒಳ್ಳೆಯ ರೀಲನ್ನು ಕೊಳ್ಳಬೇಕೆಂಬುದು ನಮ್ಮ ಸಲಹೆ. ಒಂದು ಸ್ಪೂಲಿಗೆ 0.28 ಮಿ.ಮೀ. ದಾರ ಸುತ್ತಿ ಕೆರೆ ಹೊಳೆಗಳಿಗೆ ಇಟ್ಟುಕೊಳ್ಳಬೇಕು. ಇನ್ನೊಂದಕ್ಕೆ 0.35 ಮಿ.ಮೀ. ದಾರ ಸುತ್ತಿ ಅಳಿವೆಗೂ ಕಡಲ ದಂಡೆಗೂ ಬಳಸಬೇಕು. ಸ್ಪೂಲು ಬದಲಾಯಿಸಲು ಅರ್ಧ ನಿಮಿಷ ಸಾಕು. ಈ ರೀಲಿನಿಂದ ತುಂಬ ದೂರಕ್ಕೆ ಎಸೆಯಲಾಗದು, ತುಂಬ ಭಾರದ ಸೀಸವನ್ನೂ ಹಾಕಲಾಗದು. ಆದರೆ ದಂಡೆಯ ಹತ್ತಿರದ ಮೀನಿಗೂ ಕೆರೆಯ ಕಟ್ಲಾ ರೋಹುಗಳಿಗೂ ಇದು ಸಾಕು. ಕೃಷಿಹೊಂಡ ಮಾತ್ರ ಇರುವ ಬಯಲುಸೀಮೆಯ ರೈತರಿಗೆ ಇಷ್ಟು ದೊಡ್ಡದೂ ಬೇಡ. 2500 ಅಳತೆಯದು ಹಗುರವಾಗಿಯೂ ಅಗ್ಗವಾಗಿಯೂ ಇರುತ್ತದೆ.

ದಾರ ತುಂಬುವ ಕ್ರಮ

ಒಳ್ಳೆಯ ರೀಲನ್ನು ತಪ್ಪಾಗಿ ತುಂಬಿದ ದಾರ ಕೆಡಿಸುತ್ತದೆ. ಸ್ಪೂಲಿನ ಅಂಚಿಗಿಂತ 2 ಮಿ.ಮೀ.ನಷ್ಟು ಕೆಳಗಿನವರೆಗೆ ದಾರ ತುಂಬಬೇಕು. ಇದಕ್ಕಿಂತ ಕಡಿಮೆಯಾದರೆ ದಾರ ಅಂಚಿಗೆ ಉಜ್ಜಿ ಎಸೆತ ಕುಗ್ಗುತ್ತದೆ. ಹೆಚ್ಚಾದರೆ ಸುರುಳಿಗಳು ಒಟ್ಟಾಗಿ ಜಾರಿ ಸಿಕ್ಕಾಗುತ್ತವೆ. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ದಾರವನ್ನು ಹಿಡಿದು ಬಿಗಿಯಾಗಿ ಸುತ್ತಬೇಕು.

ನೈಲಾನ್ ದಾರ, ಅಂದರೆ ತಂಗೂಸಿ, ಸ್ವಲ್ಪ ಹಿಗ್ಗುವುದರಿಂದ ಹೊಸಬರಿಗೆ ಒಳ್ಳೆಯದು. ಬಿಸಿಲಿಗೆ ಅದು ಬಲ ಕಳೆದುಕೊಳ್ಳುವುದರಿಂದ ಹೆಚ್ಚು ಬಳಸುವವರು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಹೆಣೆದ ದಾರ ಅದೇ ಬಲಕ್ಕೆ ಬಹಳ ಸಣ್ಣದಾಗಿದ್ದು ದೂರ ಹೋಗುತ್ತದೆ, ಆದರೆ ಬಂಡೆಗೆ ತಾಗಿದರೆ ಬೇಗ ಹರಿಯುತ್ತದೆ. ಅದನ್ನು ಬರಿಯ ಸ್ಪೂಲಿಗೆ ಸುತ್ತಿದರೆ ಒಟ್ಟಿಗೇ ಜಾರುವುದರಿಂದ ಮೊದಲು ಕೆಲವು ಸುತ್ತು ತಂಗೂಸಿ ಸುತ್ತಿರಬೇಕು.

ಮೀನು ದಾರ ಎಳೆದುಕೊಂಡು ಹೋಗುತ್ತಿರುವಾಗ ಹಿಡಿಕೆಯನ್ನು ತಿರುಗಿಸಬಾರದು. ಆಗ ದಾರ ಬರುವುದಿಲ್ಲ. ಬದಲಿಗೆ 5:1 ರೀಲಿನಲ್ಲಿ ಒಂದೊಂದು ಸುತ್ತಿಗೂ ದಾರಕ್ಕೆ ಐದೈದು ಹುರಿ ಬೀಳುತ್ತದೆ. ಮೀನು ನಿಂತ ಮೇಲೆ ಕೋಲನ್ನು ಎತ್ತಿ, ಇಳಿಸುವಾಗ ಸುತ್ತಿಕೊಳ್ಳಬೇಕು.

ಉಪ್ಪಿನಿಂದ ರಕ್ಷಣೆ

ಕಟ್ಟು ಒಡೆದು ಉಪ್ಪುನೀರು ನುಗ್ಗಿದ ಗದ್ದೆ ಏನಾಗುತ್ತದೆಂಬುದನ್ನು ಕರಾವಳಿಯ ರೈತರು ಬಲ್ಲರು. ನೀರು ಇಳಿದುಹೋದರೂ ಉಪ್ಪು ಉಳಿದುಕೊಳ್ಳುತ್ತದೆ. ರೀಲಿನಲ್ಲಿಯೂ ಹೀಗೆಯೇ. ನೀರು ಆರಿದ ಮೇಲೆ ಉಳಿದ ಉಪ್ಪಿನ ಹರಳು ಗಾಳಿಯ ತೇವವನ್ನು ಹೀರಿ ಲೋಹವನ್ನು ತಿನ್ನುತ್ತಲೇ ಇರುತ್ತದೆ. ಹೊಳೆಯಲ್ಲಿ ಬಳಸಿದ್ದೆಂದು ತೊಳೆಯದೆ ಇಡಬಾರದು. ಬೇಸಗೆಯಲ್ಲಿ ಅಳಿವೆಯಿಂದ ಮೇಲಕ್ಕೆ ಉಪ್ಪುನೀರು ಏರಿರುತ್ತದೆ.

ಕಡಲಿನಿಂದ ಬಂದ ದಿನವೇ ಹೀಗೆ ಮಾಡಿ. ಡ್ರ್ಯಾಗಿನ ತಿರುಪನ್ನು ಬಿಗಿ ಮಾಡಿ, ಒಳಕ್ಕೆ ನೀರು ಇಳಿಯದಂತೆ ನೋಡಿಕೊಳ್ಳಿ. ಚೊಂಬಿನಿಂದ ಸಿಹಿನೀರನ್ನು ಮೆಲ್ಲಗೆ ಸುರಿದು ತೊಳೆಯಿರಿ. ಪಂಪಿನ ರಭಸದ ನೀರು ಬೇಡ; ಅದು ಉಪ್ಪನ್ನೂ ಮರಳನ್ನೂ ಒಳಕ್ಕೆ ತಳ್ಳುತ್ತದೆ. ಬಕೆಟ್ಟಿನಲ್ಲಿ ಮುಳುಗಿಸುವುದೂ ಬೇಡ. ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸಿ. ಒಣಗಿದ ಮೇಲೆ ಡ್ರ್ಯಾಗನ್ನು ಪೂರ್ತಿ ಸಡಿಲಿಸಿ ಇಡಿ. ಬಿಗಿಯಾಗಿಯೇ ಬಿಟ್ಟರೆ ಬಿಲ್ಲೆಗಳು ಒತ್ತಿ ಅಂಟಿಕೊಂಡು ಜಿಗಿಯುವ ಗುಣ ಬರುತ್ತದೆ.

ತಿಂಗಳಿಗೊಮ್ಮೆ ಹಿಡಿಕೆಯ ಗುಬುಟು, ಬೇಲ್ ತಂತಿಯ ಕೀಲು ಮತ್ತು ದಾರ ಹಾಯುವ ಉರುಳೆಗೆ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಬೇಕು. ಕೊಬ್ಬರಿ ಎಣ್ಣೆ ಬೇಡ. ಅದು ದಿನ ಕಳೆದಂತೆ ಅಂಟಾಗುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲದ ಬಿಡುವಿನಲ್ಲಿ, ಬಲ್ಲವರಿಂದ ಬಿಚ್ಚಿಸಿ ಗೇರುಗಳ ಹಳೆಯ ಗ್ರೀಸು ತೆಗೆದು ಹೊಸದನ್ನು ಹಾಕಿಸಬೇಕು. ಡ್ರ್ಯಾಗಿನ ಬಿಲ್ಲೆಗಳಿಗೆ ಎಣ್ಣೆ ಸೋಕಿಸಬಾರದು.

ರೀಲನ್ನು ಮರಳಿನ ಮೇಲೆ ಇಡುವುದು ದೊಡ್ಡ ತಪ್ಪು. ನೀರಾವರಿಗೆ ತಂದು ಉಳಿದ ಪಿ.ವಿ.ಸಿ. ಪೈಪಿನ ಒಂದು ಮೀಟರಿನ ತುಂಡನ್ನು ಒಂದು ಕಡೆ ಓರೆಯಾಗಿ ಕತ್ತರಿಸಿ ಮರಳಿನಲ್ಲಿ ಊರಿದರೆ ಕೋಲು ನಿಲ್ಲಿಸಲು ಒಳ್ಳೆಯ ಗೂಟವಾಗುತ್ತದೆ.

ಕೆಲವು ಎಚ್ಚರಿಕೆಗಳು

100 ಗ್ರಾಂ ಸೀಸವನ್ನು ಬಲವಾಗಿ ಎಸೆಯುವಾಗ ದಾರ ಹರಿದರೆ ಆ ಸೀಸ ಕವಣೆಯ ಕಲ್ಲಿನಂತೆ ಹಾರುತ್ತದೆ. ಆದುದರಿಂದ ದಾರದ ತುದಿಗೆ ಕೋಲಿನ ಎರಡರಷ್ಟು ಉದ್ದದ ದಪ್ಪ ದಾರವನ್ನು ಸೇರಿಸಬೇಕು. 100 ಗ್ರಾಂ ಸೀಸಕ್ಕೆ ಇದು 16 ಕಿಲೋ ತಡೆಯುವಂತಿರಲಿ. ಹಿಂದೆ ಮುಂದೆ ಜನರಿರುವಾಗ ಎಸೆಯಬಾರದು. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲದ ಕಡಲಿಗೆ, ಅದರಲ್ಲಿಯೂ ಬಂಡೆಯ ಮೇಲೆ ನಿಂತು, ಗಾಳ ಹಾಕುವುದು ಪ್ರಾಣಕ್ಕೆ ಅಪಾಯ. ಯಾವ ಮೀನೂ ಅಷ್ಟು ಬೆಲೆಯದಲ್ಲ.

ಸ್ವಂತ ಹೊಂಡದಲ್ಲಿ ಗಾಳ ಹಾಕಲು ಯಾರ ಅಪ್ಪಣೆಯೂ ಬೇಡ. ಆದರೆ ಸಾರ್ವಜನಿಕ ಕೆರೆ, ಜಲಾಶಯ ಮತ್ತು ಹೊಳೆಗಳ ಮೀನುಗಾರಿಕೆ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮಕ್ಕೆ ಒಳಪಟ್ಟಿದೆ. ಬಹಳಷ್ಟು ಕೆರೆಗಳನ್ನು ಮೀನುಗಾರರ ಸಹಕಾರ ಸಂಘಗಳಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ಅವರು ಬಿತ್ತಿದ ಮೀನು ಅವರ ಬೆಳೆ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯಬೇಕು. ಅಭಯಾರಣ್ಯಗಳೊಳಗಿನ ನೀರಿನಲ್ಲಿಯೂ ಶೃಂಗೇರಿ, ಶಿಶಿಲದಂತಹ ದೇವಾಲಯಗಳ ಮುಂದಿನ ಹೊಳೆಯಲ್ಲಿಯೂ ಮೀನು ಹಿಡಿಯುವಂತಿಲ್ಲ. ಕಾವೇರಿಯ ದೊಡ್ಡ ಮಹಶೀರ್ ಮೀನನ್ನು 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಗಿದೆ. ಅದು ಆಕಸ್ಮಿಕವಾಗಿ ಗಾಳಕ್ಕೆ ಸಿಕ್ಕರೆ ನೀರಿನಲ್ಲಿಯೇ ಗಾಳ ಬಿಡಿಸಿ ಬಿಟ್ಟುಬಿಡಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ರೀಲಿನ ಹೊರ ಹೊಳಪನ್ನು ನೋಡಬೇಡಿ, ಅದು ದಾರ ಬಿಡುವ ರೀತಿಯನ್ನು ನೋಡಿ. ಬೇರಿಂಗುಗಳನ್ನು ಎಣಿಸಬೇಡಿ, ಹಿಡಿಕೆಯನ್ನು ತಿರುಗಿಸಿ ಕಿವಿಗೊಡಿ. ನಿಮ್ಮ ನೀರಿಗೂ ನಿಮ್ಮ ದಾರಕ್ಕೂ ಹೊಂದುವ ಅಳತೆಯನ್ನು ಆರಿಸಿ. ಕೊಂಡ ಮೇಲೆ, ಎಷ್ಟೇ ಹೊತ್ತಾಗಿ ಮನೆಗೆ ಬಂದರೂ, ನೇಗಿಲಿನ ಮಣ್ಣು ತೊಳೆದು ಇಡುವಂತೆ ರೀಲಿನ ಉಪ್ಪನ್ನು ತೊಳೆದು ಇಡಿ. ಹೀಗೆ ನೋಡಿಕೊಂಡ ಒಂದು ಸಾಧಾರಣ ರೀಲು ತಂದೆಯ ಕೈಯಿಂದ ಮಗನ ಕೈಗೆ ಹೋಗುವಷ್ಟು ಕಾಲ ಬಾಳುತ್ತದೆ.